ಸಂಘಕ್ಕೆ ಚಂದಾ ಕಟ್ಟಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ದೊಡ್ಡ ಗ್ರಾಹಕರು, ಬ್ಯಾಂಕು, ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲರೂ ಪರಿಸರದ ಲೆಕ್ಕ ಕೇಳುತ್ತಿದ್ದಾರೆ. ಕೈಗಾರಿಕಾ ಸಂಘ, ವಾಣಿಜ್ಯ ಮಹಾಮಂಡಳಿ, ಭಾರತೀಯ ಕೈಗಾರಿಕಾ ಮಹಾಸಂಘ (ಸಿಐಐ)ದಂಥ ಒಕ್ಕೂಟಗಳ ಸದಸ್ಯತ್ವದಿಂದ ಇದರಲ್ಲಿ ನಿಜಕ್ಕೂ ಏನು ಸಿಗುತ್ತದೆ? ಎನರ್ಜಿ ಆಡಿಟ್ ಮತ್ತು ಸಣ್ಣ ಕೈಗಾರಿಕೆಗಳ ಕ್ಲಸ್ಟರ್ ಕೆಲಸ ಬಲ್ಲ ನಮ್ಮ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಶಾಪ್, 25 ಜನ ಕೆಲಸಗಾರರು. ಮುಖ್ಯ ಗ್ರಾಹಕ ಷೇರುಪೇಟೆಯಲ್ಲಿರುವ ವಾಹನ ಕಂಪನಿ. ಅವರು ವಿದ್ಯುತ್, ನೀರು, ತ್ಯಾಜ್ಯ, ಇಂಗಾಲದ ಲೆಕ್ಕ ಕೇಳಿ ಒಂದು ಫಾರ್ಮ್ ಕಳಿಸಿದ್ದಾರೆ. ದೊಡ್ಡ ಒಕ್ಕೂಟಕ್ಕೆ ಸದಸ್ಯರಾದರೆ ಅವರೇ ತುಂಬಿಕೊಡುತ್ತಾರೆ ಅನ್ನುತ್ತಾರೆ. ನಿಜವೇ?

ಉತ್ತರ: ತುಂಬಿಕೊಡುವುದಿಲ್ಲ. ಹೇಗೆ ತುಂಬಬೇಕೆಂದು ಹೇಳಿಕೊಡುತ್ತಾರೆ, ಅಷ್ಟೆ. ನಿಮ್ಮ ಮಟ್ಟದ ಘಟಕಕ್ಕೆ ಅದನ್ನು ಸ್ಥಳೀಯ ಸಂಘವೂ ಮಾಡಬಲ್ಲದು.

ಈ ಫಾರ್ಮ್ ಎಲ್ಲಿಂದ ಬಂತೆಂದು ಮೊದಲು ತಿಳಿಯಿರಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ಪರಿಸರ-ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಮೊದಲ 250 ಕಂಪನಿಗಳು ತಮ್ಮ ಪೂರೈಕೆದಾರರ ಅಂಕಿಗಳನ್ನೂ ಸೇರಿಸುವ ವ್ಯವಸ್ಥೆ 2025-26ರಿಂದ ಸ್ವಇಚ್ಛೆಯ ಆಧಾರದಲ್ಲಿ ಶುರುವಾಗಿದೆ. ಖರೀದಿಯ ಮೌಲ್ಯದಲ್ಲಿ ಶೇ 2 ಅಥವಾ ಹೆಚ್ಚು ಪಾಲಿರುವ ಪೂರೈಕೆದಾರರು ಮಾತ್ರ ಇದರ ವ್ಯಾಪ್ತಿಗೆ ಬರುತ್ತಾರೆ. 25 ಜನರ ಶಾಪ್ ಆ ಶೇ 2ರ ಗೆರೆ ಮುಟ್ಟುವುದು ಅಪರೂಪ. ಹಾಗಿದ್ದರೂ ಫಾರ್ಮ್ ಬಂದಿದೆ ಎಂದರೆ ಗ್ರಾಹಕರ ಖರೀದಿ ವಿಭಾಗ ಎಲ್ಲರಿಗೂ ಒಂದೇ ಇಮೇಲ್ ಕಳಿಸಿದೆ ಎಂದರ್ಥ. ಹಾಗಂತ ಉತ್ತರ ಕೊಡದೆ ಕೂರಬೇಡಿ. ಮುಂದಿನ ವರ್ಷದ ರೇಟಿಂಗ್‌ನಲ್ಲಿ ಆ ಖಾಲಿ ಕಾಲಂ ಎದ್ದು ಕಾಣುತ್ತದೆ.

ಲೆಕ್ಕ ಕಷ್ಟದ್ದಲ್ಲ. ತಿಂಗಳಿಗೆ 18,000 ಯೂನಿಟ್ ಬಳಸುವ ಶಾಪ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,16,000 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರ 2023-24ಕ್ಕೆ ಕೊಟ್ಟ ಗ್ರಿಡ್ ಗುಣಕ ಯೂನಿಟ್ಟಿಗೆ 0.727 ಕೆಜಿ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ ಸುಮಾರು 157 ಟನ್. ಜನರೇಟರ್‌ಗೆ ವರ್ಷಕ್ಕೆ 3,000 ಲೀಟರ್ ಡೀಸೆಲ್ ಸುಟ್ಟಿದ್ದರೆ, ಲೀಟರಿಗೆ 2.68 ಕೆಜಿಯಂತೆ 8 ಟನ್. ಡೀಸೆಲ್ ನೀವೇ ಸುಡುವುದರಿಂದ ಅದು ‘ಸ್ಕೋಪ್ 1’, ಕೊಂಡ ಕರೆಂಟ್ ‘ಸ್ಕೋಪ್ 2’. ಫಾರ್ಮಿನ ಮುಖ್ಯ ಪುಟ ಇಷ್ಟೇ.

ಜನ ತಪ್ಪುವುದು ಬೇರೆ ಕಡೆ. ಬಿಲ್ಲಿನಲ್ಲಿ ಕೆವಿಎ ಬೇಡಿಕೆಯ (ಒಮ್ಮೆಗೆ ಎಳೆದ ಗರಿಷ್ಠ ಹೊರೆಯ) ಅಂಕಿ ಒಂದು, ಯೂನಿಟ್ಟಿನ ಅಂಕಿ ಇನ್ನೊಂದು. ಮೊದಲನೆಯದನ್ನು ಬರೆದು ಕಳಿಸುವವರಿದ್ದಾರೆ. ಚಾವಣಿ ಸೋಲಾರ್ ಇದ್ದವರು ಬಿಲ್ಲಿನ ನಿವ್ವಳ ಯೂನಿಟ್ ಬರೆಯುತ್ತಾರೆ. ಒಟ್ಟು ಶಕ್ತಿ ಬಳಕೆಯ ಕಾಲಂನಲ್ಲಿ ಸೋಲಾರ್‌ನಿಂದ ಸ್ವಂತಕ್ಕೆ ಬಳಸಿದ ಯೂನಿಟ್ಟೂ ಸೇರಬೇಕು. ಇನ್ನೊಂದು, ಇಡೀ ಶಾಪ್‌ನ 165 ಟನ್ನನ್ನು ಒಬ್ಬನೇ ಗ್ರಾಹಕನ ಹೆಸರಿಗೆ ಹಾಕುವುದು. ಅವರ ಬಿಡಿಭಾಗಗಳಿಗೆ ಹೋದ ಮೆಷಿನ್ ಗಂಟೆಗಳ ಪಾಲಿನಲ್ಲಿ ಹಂಚಿ, ಹಂಚಿದ ವಿಧಾನವನ್ನು ಒಂದು ಸಾಲಿನಲ್ಲಿ ಬರೆಯಿರಿ.

ಇನ್ನು ಯಾವ ಸಂಘ? ಎಫ್‌ಕೆಸಿಸಿಐ (1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕಟ್ಟಿದ ರಾಜ್ಯದ ವಾಣಿಜ್ಯ ಮಹಾಮಂಡಳಿ) ಮತ್ತು ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ) ಸರ್ಕಾರದ ಮುಂದೆ ಅಹವಾಲು ಒಯ್ಯುವುದರಲ್ಲಿ ಗಟ್ಟಿ. ಸಿಐಐನ ಹಸಿರು ಕೇಂದ್ರ ಹೈದರಾಬಾದಿನಲ್ಲಿದೆ. ಅವರ ಬಲ ತಾಂತ್ರಿಕ ಆಡಿಟ್ ಮತ್ತು ರೇಟಿಂಗ್. ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ ಜಾಲ ಹತ್ತು ತತ್ವಗಳಿಗೆ ಸಹಿ ಹಾಕಿಸಿ ವರ್ಷಕ್ಕೊಮ್ಮೆ ಪ್ರಗತಿ ವರದಿ ಕೇಳುತ್ತದೆ. ರಫ್ತು ಮಾಡುವವರಿಗೆ ಅದರಿಂದ ಪ್ರಯೋಜನ ಹೆಚ್ಚು. ನಿಮಗೆ ಈಗ ಬೇಕಾಗಿರುವುದು ಅದೇ ಗ್ರಾಹಕನಿಗೆ ಮಾಲು ಕೊಡುವ ಪಕ್ಕದ ಬೀದಿಯ ಹತ್ತು ಶಾಪ್‌ಗಳು. ಎಲ್ಲರೂ ಒಂದೇ ಫಾರ್ಮ್ ತುಂಬುತ್ತಿದ್ದೀರಿ. ಸಂಘದ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕೂತು ಒಂದು ಎಕ್ಸೆಲ್ ಹಾಳೆ ಮಾಡಿಕೊಂಡರೆ ಸಲಹೆಗಾರರ ಫೀಸು ಉಳಿಯುತ್ತದೆ.

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಲ್ಲಿ ನಾವು ಹನ್ನೆರಡು ಫೌಂಡ್ರಿಯವರು ಸೇರಿ ವಿದ್ಯುತ್ ಉಳಿತಾಯಕ್ಕೆ ಒಂದು ಗುಂಪು ಮಾಡಬೇಕೆಂದಿದ್ದೇವೆ. ಸೆಮಿನಾರ್ ಸಾಕಷ್ಟು ಕೇಳಿದ್ದೇವೆ, ಬಿಲ್ ಮಾತ್ರ ಇಳಿದಿಲ್ಲ. ಗುಂಪು ನಡೆಸುವ ಕ್ರಮ ಹೇಗೆ?

ಉತ್ತರ: ನಿಮ್ಮ ಊರಿಗೆ ಇದು ಹೊಸತಲ್ಲ. ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ), ಯುನಿಡೊ (ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ) ಮತ್ತು ಜಾಗತಿಕ ಪರಿಸರ ನಿಧಿ ಸೇರಿ ನಡೆಸಿದ ಸಣ್ಣ ಕೈಗಾರಿಕೆಗಳ ಶಕ್ತಿ ದಕ್ಷತೆ ಯೋಜನೆಯಲ್ಲಿ ಕೊಯಮತ್ತೂರು, ಇಂದೋರ್ ಜತೆ ಬೆಳಗಾವಿಯ ಎರಕದ ಕ್ಲಸ್ಟರ್ ಕೂಡ ಇತ್ತು. ಹಾಗಾಗಿ ಆಗಿನ ಆಡಿಟ್ ವರದಿಗಳು ಸಂಘದ ಕಪಾಟಿನಲ್ಲಿ ಇವೆಯೇ ಎಂದು ಮೊದಲು ಹುಡುಕಿಸಿ.

ಗುಂಪಿನ ಮಾದರಿಗೆ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿ ನೋಡಬೇಕು. 1987ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಪದ್ಧತಿ ಇದು. 2014ರ ಡಿಸೆಂಬರಿನಲ್ಲಿ ಜರ್ಮನ್ ಸರ್ಕಾರವೂ ಉದ್ಯಮ ಸಂಘಟನೆಗಳೂ ಒಪ್ಪಂದ ಮಾಡಿಕೊಂಡು ಇಂಥ 500 ಜಾಲಗಳ ಗುರಿ ಇಟ್ಟುಕೊಂಡವು. ಹತ್ತು-ಹದಿನೈದು ಕಂಪನಿಗಳ ಗುಂಪು. ಆರಂಭದಲ್ಲಿ ಪ್ರತಿ ಕಾರ್ಖಾನೆಗೂ ಆಡಿಟ್, ಆಮೇಲೆ ಗುಂಪಿಗೊಂದು ಗುರಿ. ವರ್ಷಕ್ಕೆ ಮೂರು ನಾಲ್ಕು ಸಭೆ, ಪ್ರತಿ ಸಭೆ ಬೇರೆ ಬೇರೆ ಸದಸ್ಯರ ಕಾರ್ಖಾನೆಯೊಳಗೆ. ವರ್ಷದ ಕೊನೆಗೆ ಅಳತೆ. ಅಲ್ಲಿನ 30 ಪ್ರಾಯೋಗಿಕ ಜಾಲಗಳ ಕಂಪನಿಗಳಲ್ಲಿ ದಕ್ಷತೆ ಸಾಮಾನ್ಯ ಉದ್ಯಮಕ್ಕಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಸುಧಾರಿಸಿತ್ತು. ಹೋಟೆಲ್ ಹಾಲ್‌ನಲ್ಲಿ ಸಭೆ ಇಟ್ಟರೆ ಈ ಫಲ ಸಿಗದು. ಶಾಪ್‌ಫ್ಲೋರ್‌ನಲ್ಲಿ ನಿಂತರೆ ಪಕ್ಕದವರ ಫರ್ನೇಸ್ ಆಪರೇಟರ್ ಏನು ಮಾಡುತ್ತಾನೆಂದು ನಿಮ್ಮ ಆಪರೇಟರ್ ನೋಡುತ್ತಾನೆ. ಆದ್ದರಿಂದ ಮಾಲೀಕರ ಜತೆ ಮೆಲ್ಟಿಂಗ್ ಸೂಪರ್‌ವೈಸರ್ ಬರಲೇಬೇಕು ಎಂಬ ನಿಯಮ ಹಾಕಿ.

ಮೊದಲ ತಿಂಗಳು ಯಾವ ಯಂತ್ರವನ್ನೂ ಕೊಳ್ಳಬೇಡಿ, ಮೀಟರ್ ಒಂದನ್ನು ಬಿಟ್ಟು. ಇಂಡಕ್ಷನ್ ಫರ್ನೇಸ್, ಕಂಪ್ರೆಸರ್, ಸ್ಯಾಂಡ್ ಪ್ಲಾಂಟ್ ಮೂರಕ್ಕೂ ಪ್ರತ್ಯೇಕ ಸಬ್-ಮೀಟರ್ ಬೇಕು. ಫರ್ನೇಸ್ ಮೀಟರನ್ನು ಪ್ರತಿ ಹೀಟ್‌ನ (ಒಂದು ಸಲ ಕರಗಿಸುವ ಸುತ್ತಿನ) ಆರಂಭ ಮತ್ತು ಅಂತ್ಯದಲ್ಲಿ ಬರೆದುಕೊಳ್ಳಿ. ಚಾರ್ಜಿನ ತೂಕ, ಟ್ಯಾಪ್ ಮಾಡಿದ ತಾಪಮಾನ, ಲೋಹ ಕಾದು ನಿಂತ ನಿಮಿಷಗಳು, ಇವೂ ಅದೇ ಸಾಲಿನಲ್ಲಿ.

ಇಂಥ ಗುಂಪುಗಳು ಒಡೆಯುವುದು ಸಾಮಾನ್ಯವಾಗಿ ಇಲ್ಲಿಯೇ: ಒಬ್ಬರು ಕರಗಿದ ಲೋಹದ ಟನ್ನಿಗೆ ಯೂನಿಟ್ ಹೇಳುತ್ತಾರೆ, ಇನ್ನೊಬ್ಬರು ಮಾರಾಟವಾದ ಎರಕದ ಟನ್ನಿಗೆ. 600 ಯೂನಿಟ್‌ನಲ್ಲಿ ಒಂದು ಟನ್ ಬೀಡುಕಬ್ಬಿಣ ಕರಗಿಸುವವನ ಯೀಲ್ಡ್ (ಕರಗಿದ ಲೋಹದಲ್ಲಿ ಎರಕವಾಗಿ ಸಿಗುವ ಪಾಲು) ಶೇ 60 ಆಗಿದ್ದರೆ ಎರಕದ ಟನ್ನಿಗೆ 1,000 ಯೂನಿಟ್ ಆಯಿತು. ಅದರಲ್ಲಿ ಶೇ 6 ರಿಜೆಕ್ಷನ್ ಕಳೆದರೆ ಒಳ್ಳೆಯ ಎರಕಕ್ಕೆ 1,064. ಫರ್ನೇಸ್ ಮುಟ್ಟದೆ, ರನ್ನರ್-ರೈಸರ್ (ಅಚ್ಚಿಗೆ ಲೋಹ ಹರಿಸುವ ಕಾಲುವೆಗಳ) ವಿನ್ಯಾಸ ಸರಿಮಾಡಿ ಯೀಲ್ಡನ್ನು 65ಕ್ಕೆ ತಂದರೆ ಅದೇ ಅಂಕಿ 982ಕ್ಕೆ ಇಳಿಯುತ್ತದೆ. ಆದ್ದರಿಂದ ಎರಡೂ ಅಂಕಿ ಬೇಕು: ಕರಗಿಸಿದ ಟನ್ನಿಗೆ, ಪಾಸಾದ ಟನ್ನಿಗೆ. ಗ್ರೇ ಐರನ್‌ನವರನ್ನೂ ಎಸ್‌ಜಿ ಐರನ್‌ನವರನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸಬೇಡಿ. ಕ್ಯುಪೋಲಾ (ಕೋಕ್ ಉರಿಸುವ ಕುಲುಮೆ) ಇರುವವರಿಗೆ ಕೋಕ್‌ನ ಪ್ರಮಾಣ ಬೇರೆಯೇ ಲೆಕ್ಕ.

ಅಂಕಿ ಕೈಗೆ ಬಂದ ಮೇಲೆ ಸೋರಿಕೆ ಎಲ್ಲಿ ಎಂದು ತಾನಾಗಿ ಕಾಣುತ್ತದೆ. ಮೋಲ್ಡ್ ತಯಾರಿಲ್ಲ, ಲ್ಯಾಡಲ್ ಕಾಯಿಸಿಲ್ಲ, ಕ್ರೇನ್ ಇನ್ನೊಂದು ಕಡೆ ಇದೆ. ಅಷ್ಟು ಹೊತ್ತೂ ಕರಗಿದ ಲೋಹ ಬಾಯಿ ತೆರೆದ ಫರ್ನೇಸ್‌ನಲ್ಲಿ ಕಾಯುತ್ತಿರುತ್ತದೆ. ಬಾಯಿಂದ ಹೊರಸೂಸುವ ಶಾಖ ನಿರಪೇಕ್ಷ ತಾಪಮಾನದ ನಾಲ್ಕನೇ ಘಾತದಂತೆ ಏರುವುದರಿಂದ 1,400 ಡಿಗ್ರಿಯಿಂದ 1,500ಕ್ಕೆ ಹೋದರೆ ನಷ್ಟ ಕಾಲುಭಾಗಕ್ಕಿಂತ ಹೆಚ್ಚಾಗುತ್ತದೆ. ಮುಚ್ಚಳ ಹಾಕಿಸುವುದು ಅಗ್ಗದ ಕೆಲಸ. ಆದರೆ ಚಾರ್ಜ್ ಹಾಕಲು ಅಡ್ಡ ಎಂದು ಆಪರೇಟರ್ ಅದನ್ನು ಗೋಡೆಗೆ ಒರಗಿಸಿಟ್ಟಿರುತ್ತಾನೆ. ಪಕ್ಕಕ್ಕೆ ತಿರುಗುವ ಕೀಲಿನ ಮುಚ್ಚಳ ಮಾಡಿಸಿದವರಲ್ಲಿ ಮಾತ್ರ ಅದು ಬಳಕೆಯಲ್ಲಿ ಉಳಿಯುತ್ತದೆ. ‘ಇರಲಿ’ ಎಂದು 50 ಡಿಗ್ರಿ ಹೆಚ್ಚು ಕಾಯಿಸುವ ಅಭ್ಯಾಸ ಟನ್ನಿಗೆ ಸುಮಾರು 15 ಯೂನಿಟ್ ತಿನ್ನುತ್ತದೆ. ಮರಳು ಅಂಟಿದ ರಿಟರ್ನ್ಸ್ (ಮತ್ತೆ ಕರಗಿಸುವ ತುಂಡುಗಳು) ಹಾಗೇ ಹಾಕಿದರೆ ಆ ಮರಳೂ ಕರೆಂಟ್ ಕುಡಿದು ಸ್ಲ್ಯಾಗ್ ಆಗುತ್ತದೆ, ಲೈನಿಂಗ್ ಸವೆಯುತ್ತದೆ. ಶಾಟ್‌ಬ್ಲಾಸ್ಟ್ ಅಥವಾ ಟಂಬ್ಲಿಂಗ್ ಮಾಡಿ ಹಾಕಿ.

ಗುಟ್ಟು ಹೊರಹೋಗುವ ಭಯ ಎಲ್ಲರಿಗೂ ಇರುತ್ತದೆ, ಅದು ತಪ್ಪೂ ಅಲ್ಲ. ಅಂಕಿಗಳು ಒಬ್ಬ ಹೊರಗಿನ ಎಂಜಿನಿಯರ್ ಕೈಗೆ ಮಾತ್ರ ಹೋಗಲಿ. ಪಟ್ಟಿಯಲ್ಲಿ ಹೆಸರಿನ ಬದಲು ಗುರುತಿನ ಸಂಖ್ಯೆ ಇರಲಿ; ತಮ್ಮ ಸಂಖ್ಯೆ ಯಾವುದೆಂದು ಅವರವರಿಗಷ್ಟೇ ಗೊತ್ತಿರಲಿ. ಟನ್ನಿಗೆ ಎಷ್ಟು ಯೂನಿಟ್ ಎಂಬ ಅನುಪಾತ ಮಾತ್ರ ಹಂಚಿಕೊಳ್ಳಿ. ಒಟ್ಟು ಉತ್ಪಾದನೆ, ಆರ್ಡರ್, ಕೆಜಿಗೆ ಬೆಲೆ, ಮುಂದಿನ ದರ ಏರಿಕೆ, ಇವು ಆ ಕೋಣೆಯಲ್ಲಿ ಬಾಯಿಗೇ ಬರಬಾರದು. ಒಂದೇ ಧಂದೆಯವರು ಸೇರಿ ಬೆಲೆ ಅಥವಾ ಉತ್ಪಾದನೆ ಹೊಂದಿಸಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಕಾರ್ಟೆಲ್ ಎಂದು ನೋಡುತ್ತದೆ. ಸಂಘದ ಲೆಟರ್‌ಹೆಡ್ ಅದಕ್ಕೆ ರಕ್ಷಣೆಯಲ್ಲ. ಸಭೆಯ ಕಾರ್ಯಸೂಚಿ ಮೊದಲೇ ಬರೆದು, ನಡಾವಳಿ ಇಟ್ಟುಕೊಳ್ಳಿ.

ಹಣದ ವಿಚಾರ: ಬಿಇಇ 2025ರ ಜುಲೈನಲ್ಲಿ ‘ಅದಿತಿ’ ಯೋಜನೆ ಆರಂಭಿಸಿದೆ. ಫೌಂಡ್ರಿ ಅದರ 14 ವಲಯಗಳಲ್ಲಿ ಒಂದು. ಕನಿಷ್ಠ ಶೇ 10 ಶಕ್ತಿ ಉಳಿತಾಯ ತೋರಿಸುವ ಯಂತ್ರೋಪಕರಣದ ಸಾಲಕ್ಕೆ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3 ಬಡ್ಡಿ ರಿಯಾಯಿತಿ. ನೀವು ಬರೆದಿಟ್ಟ ಹೀಟ್ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಮೊದಲು ಎಷ್ಟಿತ್ತು’ ಎಂಬುದಕ್ಕೆ ದಾಖಲೆ ಇಲ್ಲದವರಿಗೆ ಉಳಿತಾಯ ಸಾಬೀತು ಮಾಡುವುದೇ ದೊಡ್ಡ ತಲೆನೋವು.

ಪ್ರಶ್ನೆ: ಯುರೋಪಿಗೆ ಎರಕ ಕಳಿಸುವವರಿಗೆಲ್ಲ ಇಂಗಾಲದ ತೆರಿಗೆ ಬೀಳುತ್ತದೆಂದು ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿದೆ. (ಶಿವಮೊಗ್ಗ)

ಉತ್ತರ: ನಿಮ್ಮ ಎಚ್‌ಎಸ್ ಕೋಡ್ (ಸರಕಿನ ಕಸ್ಟಮ್ಸ್ ಸಂಖ್ಯೆ) ನೋಡಿದ ಮೇಲೆ ಗಾಬರಿಪಡಿ. ಈ ತೆರಿಗೆಯ, ಅಂದರೆ ಸಿಬಿಎಎಂ ವ್ಯವಸ್ಥೆಯ ವರದಿ ಹಂತ 2023ರ ಅಕ್ಟೋಬರ್ 1ರಿಂದ 2025ರ ಕೊನೆಯವರೆಗೆ ಇತ್ತು, 2026ರ ಜನವರಿ 1ರಿಂದ ಪೂರ್ಣ ಜಾರಿ. ಮೂಲ ಪಟ್ಟಿಯಲ್ಲಿ 7318 (ಬೋಲ್ಟ್, ಸ್ಕ್ರೂ, ನಟ್) ಇದೆ, 7326 (ಕಬ್ಬಿಣ-ಉಕ್ಕಿನ ಇತರ ವಸ್ತುಗಳು) ಇದೆ. ಇತರ ಎರಕದ ವಸ್ತುಗಳ 7325 ಇಲ್ಲ. ಪಂಪ್, ಕವಾಟದ ಭಾಗವಾಗಿ 84ನೇ ಅಧ್ಯಾಯದಲ್ಲಿ ಹೋಗುವ ಎರಕವೂ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಹಿಗ್ಗಿಸುವ ಮಾತು ಯುರೋಪಿನಲ್ಲಿ ನಡೆಯುತ್ತಲೇ ಇರುವುದರಿಂದ ಪ್ರತಿ ಒಪ್ಪಂದಕ್ಕೆ ಮುನ್ನ ಮತ್ತೆ ನೋಡಿ. ಈ ತೆರಿಗೆಯ ರೂಪವಾದ ಇಂಗಾಲದ ಪ್ರಮಾಣಪತ್ರ ಕೊಳ್ಳುವ ಹೊಣೆ ಅಲ್ಲಿನ ಆಮದುದಾರನದು. ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸುವ ಆಮದುದಾರನಿಗೆ ವಿನಾಯಿತಿಯೂ ಇದೆ. ಅವನು ನಿಮ್ಮಿಂದ ಕೇಳುವುದು ಟನ್ನಿಗೆ ಎಷ್ಟು ಇಂಗಾಲ ಎಂಬ ಅಂಕಿ.

ಪ್ರಶ್ನೆ: ಸಂಘದ ಸಭೆಯಲ್ಲಿ ಕಂಪ್ರೆಸರ್ ಲೀಕ್ ಪರೀಕ್ಷೆ ಮಾಡಿ ಎಂದರು. ಉಪಕರಣ ಕೊಳ್ಳದೆ ಮಾಡಬಹುದೇ? (ತುಮಕೂರು)

ಉತ್ತರ: ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ವಾರದ ರಜೆಯ ದಿನ ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ, ಆದರೆ ಲೈನಿನ ವಾಲ್ವ್‌ಗಳು ತೆರೆದೇ ಇರಲಿ. ಕಂಪ್ರೆಸರ್ ಮಾತ್ರ ಚಾಲೂ ಮಾಡಿ. ಎಲ್ಲೂ ಸೋರದಿದ್ದರೆ ಅದು ಒತ್ತಡ ಮುಟ್ಟಿ ಅನ್‌ಲೋಡ್ ಆಗಿ (ಗಾಳಿ ತುಂಬುವುದನ್ನು ನಿಲ್ಲಿಸಿ) ಹಾಗೇ ಇರಬೇಕು. ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ ಲೋಡ್ ಇದ್ದ ಸಮಯ, ಅನ್‌ಲೋಡ್ ಇದ್ದ ಸಮಯ ಎರಡನ್ನೂ ಎಂಟು ಹತ್ತು ಸುತ್ತು ಬರೆದು ಸರಾಸರಿ ತೆಗೆಯಿರಿ. ಲೋಡ್ ಒಂದೂವರೆ ನಿಮಿಷ, ಅನ್‌ಲೋಡ್ ಮೂರೂವರೆ ನಿಮಿಷ ಬಂದರೆ, ಐದರಲ್ಲಿ ಒಂದೂವರೆ, ಅಂದರೆ ಶೇ 30 ಸೋರಿಕೆ. ಕಂಪ್ರೆಸರ್ ಸಾಮರ್ಥ್ಯ (ನಿಮಿಷಕ್ಕೆ ಘನ ಅಡಿಯ ಲೆಕ್ಕದಲ್ಲಿ) 120 ಸಿಎಫ್‌ಎಂ ಆಗಿದ್ದರೆ 36 ಸಿಎಫ್‌ಎಂ ಗಾಳಿಗೆ ಹೋಯಿತು. ಸಿಎಫ್‌ಎಂಗೆ ಸುಮಾರು 0.18 ಕಿಲೋವಾಟ್ ಹಿಡಿದರೆ ಆರೂವರೆ ಕಿಲೋವಾಟ್. ವರ್ಷಕ್ಕೆ 4,800 ಗಂಟೆ ನಡೆಸಿದರೆ 31,000 ಯೂನಿಟ್. ಏಳೂವರೆ ರೂಪಾಯಿಯಂತೆ 2.3 ಲಕ್ಷ ರೂಪಾಯಿ.

ವಿಎಫ್‌ಡಿ ಕಂಪ್ರೆಸರ್‌ಗೆ ಈ ವಿಧಾನ ನಡೆಯದು, ಏಕೆಂದರೆ ಅದು ಲೋಡ್-ಅನ್‌ಲೋಡ್ ಆಗದೆ ವೇಗ ಇಳಿಸಿಕೊಳ್ಳುತ್ತದೆ. ಅಲ್ಲಿ ರಿಸೀವರ್ ತುಂಬಿಸಿ ಕಂಪ್ರೆಸರ್ ನಿಲ್ಲಿಸಿ, ಒತ್ತಡ 7 ಬಾರ್‌ನಿಂದ 6ಕ್ಕೆ ಇಳಿಯಲು ಹಿಡಿದ ಸಮಯ ಅಳೆಯಬೇಕು.

ಸೋಪಿನ ನೀರು ಹಿಡಿದು ಹುಡುಕುವಾಗ ಮೊದಲು ನೋಡಬೇಕಾದ್ದು ಪಿಯು ಟ್ಯೂಬ್‌ನ ಪುಶ್ ಫಿಟಿಂಗ್, ಕ್ವಿಕ್ ಕಪ್ಲಿಂಗ್, ಎಫ್‌ಆರ್‌ಎಲ್ ಬೌಲ್, ಮತ್ತು ನೀರು ಹೋಗಲಿ ಎಂದು ಅರ್ಧ ತೆರೆದಿಟ್ಟ ಡ್ರೈನ್ ವಾಲ್ವ್. ಟ್ಯೂಬನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದರೆ ಓ-ರಿಂಗ್ ಕೂರುವುದಿಲ್ಲ. ನೇರ ಕಟ್ಟರ್ ಬಳಸಿ. ಅದು ಮುಗಿದ ಮೇಲೆ ಒತ್ತಡ ಇಳಿಸಿ ನೋಡಿ. ಒಂದು ಬಾರ್ ಇಳಿಸಿದರೆ ಶೇ 6ರಿಂದ 10ರಷ್ಟು ವಿದ್ಯುತ್ ಉಳಿಯುತ್ತದೆ. ಅಲ್ಟ್ರಾಸಾನಿಕ್ ಲೀಕ್ ಡಿಟೆಕ್ಟರ್ ದುಬಾರಿ. ಅದನ್ನು ಸಂಘ ಒಂದು ಕೊಂಡು ಸದಸ್ಯರಿಗೆ ದಿನದ ಬಾಡಿಗೆಗೆ ಕೊಡುವುದೇ ಸರಿ.

ಪ್ರಶ್ನೆ: ರಬಕವಿ-ಬನಹಟ್ಟಿಯ ಬಣ್ಣದ ಘಟಕಗಳವರು ನಾವು. ಎಲ್ಲರೂ ಸೇರಿ ಸಾಮಾನ್ಯ ಶುದ್ಧೀಕರಣ ಘಟಕ ಕಟ್ಟಿದರೆ ಮುಗಿಯಿತಲ್ಲ?

ಉತ್ತರ: ತಿರುಪ್ಪೂರಿನವರೂ ಹಾಗೇ ಅಂದುಕೊಂಡಿದ್ದರು. ಅಲ್ಲಿನ ಬಣ್ಣದ ಘಟಕಗಳ ಉಪ್ಪು ನೀರು ನೊಯ್ಯಲ್ ನದಿ ಸೇರಿ ಕೆಳಗಿನ ರೈತರ ಹೊಲ ಹಾಳಾಯಿತು. ಸಾಮಾನ್ಯ ಘಟಕಗಳಿದ್ದವು, ಆದರೆ ಅವು ಬಣ್ಣ ಮತ್ತು ಕೊಳೆ ತೆಗೆಯುತ್ತಿದ್ದವೇ ಹೊರತು ಕರಗಿದ ಉಪ್ಪನ್ನಲ್ಲ. 2006ರಲ್ಲಿ ಮದ್ರಾಸ್ ಹೈಕೋರ್ಟ್ ಹನಿ ನೀರೂ ಹೊರಬಿಡಬಾರದೆಂದಿತು. ಅದು ಪಾಲನೆಯಾಗದೆ 2011ರ ಜನವರಿಯಲ್ಲಿ 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಆಮೇಲೆ ಆರ್‌ಒ (ಪೊರೆಯ ಮೂಲಕ ಉಪ್ಪು ಬೇರ್ಪಡಿಸುವ ವ್ಯವಸ್ಥೆ) ಮತ್ತು ಉಪ್ಪುನೀರು ಆವಿಯಾಗಿಸುವ ಯಂತ್ರ ಸೇರಿಸಿ ಹಂತ ಹಂತವಾಗಿ ತೆರೆದವು.

ಆ ಪಾಠ ನಿಮಗೆ ಅನ್ವಯಿಸುವುದು ಹೀಗೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಹಾಕುತ್ತೀರಿ. ಆರ್‌ಒ ಶೇ 80-85ರಷ್ಟು ನೀರು ಮರಳಿಸುತ್ತದೆ, ಉಳಿದ ಗಟ್ಟಿ ಉಪ್ಪುನೀರನ್ನು ಕುದಿಸಿ ಆರಿಸಬೇಕು. ನಡೆಸುವ ಖರ್ಚಿನ ದೊಡ್ಡ ಪಾಲು ಅಲ್ಲಿನ ಹಬೆಗೆ ಹೋಗುತ್ತದೆ. ಹಾಗಾಗಿ ಡೈಬಾತ್ (ಬಣ್ಣ ಹಾಕುವ ತೊಟ್ಟಿಯ) ನೀರನ್ನೂ ತೊಳೆದ ನೀರನ್ನೂ ಘಟಕದೊಳಗೇ ಬೇರೆ ಬೇರೆ ಕೊಳವೆಯಲ್ಲಿ ಹರಿಸಿ. ಒಂದೇ ಗಟಾರಕ್ಕೆ ಬಿಟ್ಟು ಆಮೇಲೆ ಬೇರ್ಪಡಿಸುವುದು ಎಂದಿಗೂ ಅಗ್ಗವಾಗುವುದಿಲ್ಲ. ಸಾಮಾನ್ಯ ಉಪ್ಪಿಗೆ ಬದಲು ಎಲ್ಲ ಸದಸ್ಯರೂ ಸೋಡಿಯಂ ಸಲ್ಫೇಟ್ ಬಳಸಲು ಒಪ್ಪಿದರೆ, ಮರಳಿ ಪಡೆದ ಉಪ್ಪನ್ನು ಮತ್ತೆ ಬಣ್ಣಕ್ಕೆ ಬಳಸಬಹುದು. ಇಬ್ಬರು ಬೇರೆ ಉಪ್ಪು ಹಾಕಿದರೂ ಮಿಶ್ರಣ ಯಾರಿಗೂ ಬೇಡವಾಗಿ ಗೋದಾಮಿನಲ್ಲಿ ಗುಡ್ಡೆ ಬೀಳುತ್ತದೆ. ಸಂಘದ ಶಿಸ್ತು ಬೇಕಾಗುವುದು ಇಂಥ ಕಡೆ.

ಶುಲ್ಕವನ್ನು ಲೀಟರಿನ ಮೇಲೆ ಮಾತ್ರ ಹಾಕಬೇಡಿ. ಹಾಕಿದರೆ ನೀರು ಉಳಿಸಿದವನ ಗಟ್ಟಿ ನೀರಿಗೂ, ಧಾರಾಳವಾಗಿ ತೊಳೆಯುವವನ ತೆಳು ನೀರಿಗೂ ಒಂದೇ ದರವಾಗುತ್ತದೆ. ಉಪ್ಪಿನ ಹೊರೆ ಹೊರುವವರು ಯಾರೂ ಇರುವುದಿಲ್ಲ. ಪ್ರಮಾಣ, ಟಿಡಿಎಸ್ (ಕರಗಿದ ಉಪ್ಪಿನ ಅಳತೆ), ಸಿಒಡಿ (ಕೊಳೆಯ ಅಳತೆ) ಮೂರೂ ಸೇರಿದ ದರ ಇಡಿ. ಪ್ರತಿ ಸದಸ್ಯರ ಹೊರಹರಿವಿಗೆ ಫ್ಲೋ ಮೀಟರ್ ಮತ್ತು ಬೀಗ ಹಾಕಿದ ಮಾದರಿ ಬಾಟಲಿ ಇಲ್ಲದೆ ಮೊದಲ ಕಲ್ಲು ಇಡಲೇಬೇಡಿ.

ಪ್ರಶ್ನೆ: ನಾವು ಐದು ಘಟಕಗಳು ಸೇರಿ ಬೇರೆ ಜಿಲ್ಲೆಯಲ್ಲಿ ಸೋಲಾರ್ ಸ್ಥಾವರದಲ್ಲಿ ಷೇರು ಹಾಕಿ ಕರೆಂಟ್ ತರಿಸಬಹುದೆಂದು ಏಜೆಂಟರೊಬ್ಬರು ಹೇಳುತ್ತಾರೆ. ಅಪಾಯವೇನು? (ಹಾರೋಹಳ್ಳಿ)

ಉತ್ತರ: ಇದು ಗ್ರೂಪ್ ಕ್ಯಾಪ್ಟಿವ್, ಅಂದರೆ ಗುಂಪಿನ ಸ್ವಂತ ಬಳಕೆಯ ಸ್ಥಾವರ. 2005ರ ವಿದ್ಯುತ್ ನಿಯಮಗಳು ಹಾಕಿದ ಎರಡು ಷರತ್ತು: ಬಳಕೆದಾರರ ಕೈಯಲ್ಲಿ ಕನಿಷ್ಠ ಶೇ 26 ಒಡೆತನ, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51 ಅವರದೇ ಬಳಕೆ, ಅದೂ ಷೇರಿನ ಪಾಲಿಗೆ ಹೆಚ್ಚು ಕಡಿಮೆ ಶೇ 10ರೊಳಗೆ ಹೊಂದಬೇಕು. ಸ್ಥಾವರ ವರ್ಷಕ್ಕೆ 40 ಲಕ್ಷ ಯೂನಿಟ್ ಕೊಟ್ಟು, ನೀವು ಐವರೂ ಸಮಪಾಲು ಹಾಕಿದ್ದರೆ, ಶೇ 51ರ ಪಾಲು ತಲಾ 4.08 ಲಕ್ಷ ಯೂನಿಟ್. ಷರತ್ತು ಪಾಲಿಸಿದರೆ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ (ಬೇರೆಡೆಯಿಂದ ಕರೆಂಟ್ ತರಿಸುವವರ ಮೇಲಿನ ಹೆಚ್ಚುವರಿ ಶುಲ್ಕ) ಇಲ್ಲ, ಲಾಭವೆಲ್ಲ ಅಲ್ಲಿರುವುದು.

ಅಪಾಯ ಹಣಕಾಸು ವರ್ಷದ ಕೊನೆಗೆ ಬರುತ್ತದೆ. ಒಬ್ಬರ ಆರ್ಡರ್ ಬಿದ್ದು ಕಾರ್ಖಾನೆ ನಾಲ್ಕು ತಿಂಗಳು ನಿಂತರೆ ಒಟ್ಟು ಬಳಕೆ ಶೇ 51ಕ್ಕಿಂತ ಕೆಳಗಿಳಿಯಬಹುದು. ಆಗ ಆ ವರ್ಷದ ಇಡೀ ಉತ್ಪಾದನೆ ಕ್ಯಾಪ್ಟಿವ್ ಮಾನ್ಯತೆ ಕಳೆದುಕೊಳ್ಳುತ್ತದೆ, ಸರ್ಚಾರ್ಜ್ ಎಲ್ಲರ ಮೇಲೂ ಬೀಳುತ್ತದೆ. ಆದ್ದರಿಂದ ಒಪ್ಪಂದದಲ್ಲಿ ಮೂರು ಮಾತು ಬರಹದಲ್ಲಿರಲಿ: ಬಳಕೆ ತಗ್ಗಿಸಿದವರು ಉಳಿದವರ ನಷ್ಟ ಭರಿಸುವ ಷರತ್ತು, ಡಿಸೆಂಬರಿನಲ್ಲಿ ಮಧ್ಯಂತರ ಲೆಕ್ಕ, ಹೊರಹೋಗುವವರ ಷೇರನ್ನು ಎಷ್ಟು ದಿನದಲ್ಲಿ ಯಾವ ಬೆಲೆಗೆ ವರ್ಗಾಯಿಸುವುದು. ಏಜೆಂಟರ ಕರಡಿನಲ್ಲಿ ಮೊದಲನೆಯದು ಇರುವುದು ಅಪರೂಪ. ಸಹಿಗೆ ಮುನ್ನ ಆ ದಿನ ಜಾರಿಯಲ್ಲಿರುವ ನಿಯಮ ಮತ್ತು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಆದೇಶವನ್ನು ವಕೀಲರಿಂದ ನೋಡಿಸಿ.

ಪ್ರಶ್ನೆ: ಝೆಡ್ ಮಾಡಿಸಲೇ, ಗ್ರೀನ್‌ಕೋ ಮಾಡಿಸಲೇ? ಬೈಕಂಪಾಡಿಯಲ್ಲಿ ಗೇರುಬೀಜದ ಸಣ್ಣ ಘಟಕ.

ಉತ್ತರ: ಝೆಡ್, ಅಂದರೆ ಸಣ್ಣ ಕೈಗಾರಿಕೆಗಳಿಗೆ ಕೇಂದ್ರ ಸರ್ಕಾರದ ಗುಣಮಟ್ಟ-ಪರಿಸರ ಪ್ರಮಾಣಪತ್ರ. 2022ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಬಂದಾಗ ಕಂಚು, ಬೆಳ್ಳಿ, ಚಿನ್ನಕ್ಕೆ ಕ್ರಮವಾಗಿ 10,000, 40,000, 90,000 ರೂಪಾಯಿ ಶುಲ್ಕ. ಅತಿಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ಸಬ್ಸಿಡಿ ಇಟ್ಟಿದ್ದರು. ಅರ್ಜಿ ಹಾಕುವ ಮುನ್ನ ಪೋರ್ಟಲ್‌ನಲ್ಲಿ ಈಗಿನ ದರ ನೋಡಿ. ಸಿಐಐನ ಗ್ರೀನ್‌ಕೋ ಆಳವಾದ ಮೌಲ್ಯಮಾಪನ, ಎನರ್ಜಿ ಮ್ಯಾನೇಜರ್ ಇರುವ ದೊಡ್ಡ ಕಾರ್ಖಾನೆಗೆ ಹೊಂದುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕುರುಕು ತಿಂಡಿ ಮಾಡುತ್ತೇನೆ. ಹಸಿರು ಉದ್ಯಮ ಜಾಲವೊಂದರ ಸದಸ್ಯೆ. ಅವರ ಲಾಂಛನವನ್ನೂ ‘ಪರಿಸರಸ್ನೇಹಿ’ ಎಂಬ ಪದವನ್ನೂ ಪ್ಯಾಕೆಟ್ ಮೇಲೆ ಹಾಕಬಹುದೇ?

ಉತ್ತರ: ಬೇಡ, ಮೇಡಂ. ಸದಸ್ಯತ್ವ ಅಂದರೆ ಪ್ರಮಾಣಪತ್ರವಲ್ಲ, ಬಹುತೇಕ ಜಾಲಗಳು ತಮ್ಮ ಲಾಂಛನವನ್ನು ಉತ್ಪನ್ನದ ಮೇಲೆ ಹಾಕಲು ಬಿಡುವುದೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಗ್ರೀನ್‌ವಾಶಿಂಗ್ ಮಾರ್ಗಸೂಚಿಯ ಪ್ರಕಾರ ‘ಪರಿಸರಸ್ನೇಹಿ’, ‘ಹಸಿರು’ ಎಂಬ ಪದಗಳನ್ನು ಆಧಾರ ಮತ್ತು ವಿವರಣೆ ಇಲ್ಲದೆ ಬಳಸುವಂತಿಲ್ಲ. ಹೇಳುವುದು ಪ್ಯಾಕೆಟ್ಟಿನ ಬಗ್ಗೆಯೋ, ತಿಂಡಿಯ ಬಗ್ಗೆಯೋ, ತಯಾರಿಕೆಯ ಬಗ್ಗೆಯೋ ಎಂಬುದು ಸ್ಪಷ್ಟವಿರಬೇಕು. ‘ಹೊರಪೆಟ್ಟಿಗೆ ಪೂರ್ತಿ ಮರುಬಳಕೆಯ ಕಾಗದದಿಂದ’ ಎಂದು ಬರೆಯಿರಿ, ಪೂರೈಕೆದಾರರ ದಾಖಲೆ ಫೈಲಿನಲ್ಲಿಡಿ.

ಪ್ರಶ್ನೆ: ಮೆಷಿನ್ ಶಾಪ್‌ಗಳ ಹಳೆಯ ಕೂಲೆಂಟ್, ಬಳಸಿದ ಎಣ್ಣೆಯನ್ನು ಸಂಘವೇ ಒಂದು ಲಾರಿ ಮಾಡಿ ಒಟ್ಟಿಗೆ ಕಳಿಸಬಹುದೇ? (ಬೊಮ್ಮಸಂದ್ರ)

ಉತ್ತರ: ಲಾರಿ ಒಟ್ಟಿಗೆ ಮಾಡಬಹುದು, ಕಾಗದ ಒಟ್ಟಿಗೆ ಮಾಡುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಪ್ರತಿ ಘಟಕಕ್ಕೂ ತನ್ನದೇ ಅನುಮತಿ ಬೇಕು, ತನ್ನದೇ ಫಾರ್ಮ್ 10 (ತ್ಯಾಜ್ಯ ಸಾಗಣೆಯ ದಾಖಲೆ) ಹೋಗಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಶೇಖರಿಸಿಡುವಂತಿಲ್ಲವಾದ್ದರಿಂದ ಎರಡು ತಿಂಗಳಿಗೊಂದು ಸುತ್ತು ಇಟ್ಟುಕೊಳ್ಳಿ. ಎಣ್ಣೆಯ ಡ್ರಮ್ಮಿಗೆ ಕೂಲೆಂಟ್ ಬೆರೆಸಬೇಡಿ. ನೀರು ಸೇರಿದ ಎಣ್ಣೆಯನ್ನು ಮರುಸಂಸ್ಕರಣೆಯವರು ಬೆಲೆ ಕೊಟ್ಟು ಕೊಳ್ಳುವುದಿಲ್ಲ, ನೀವೇ ದುಡ್ಡು ಕೊಡಬೇಕಾಗುತ್ತದೆ.

ಕಳಿಸುವ ಪ್ರಮಾಣವನ್ನೇ ತಗ್ಗಿಸುವುದು ಇನ್ನೂ ಸುಲಭ. ರಜೆ ಮುಗಿಸಿ ಬಂದ ದಿನ ಶಾಪ್ ನಾರುತ್ತಿದ್ದರೆ ಕೂಲೆಂಟ್ ಮೇಲೆ ತೇಲುವ ಸ್ಲೈಡ್‌ವೇ ಎಣ್ಣೆಯ ಪದರದ ಕೆಳಗೆ ಬ್ಯಾಕ್ಟೀರಿಯಾ ಬೆಳೆದಿದೆ. ಬೆಲ್ಟ್ ಸ್ಕಿಮ್ಮರ್‌ನಿಂದ ಆ ಎಣ್ಣೆ ತೆಗೆಯಿರಿ. ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ ಸಾಂದ್ರತೆಯನ್ನು ಸಾಮಾನ್ಯ ಕೆಲಸಕ್ಕೆ ಶೇ 5ರಿಂದ 8ರೊಳಗೆ ಇಡಿ, ಕೂಲೆಂಟ್ ಕಂಪನಿ ಕೊಟ್ಟ ಗುಣಕದಿಂದ ಗುಣಿಸುವುದನ್ನು ಮರೆಯಬೇಡಿ. ಟಾಪ್‌ಅಪ್‌ಗೆ ಬರೀ ನೀರು ಸುರಿಯದೆ ಶೇ 2-3ರ ತೆಳು ಮಿಶ್ರಣ ಹಾಕಿ. ಮಿಶ್ರಣ ಮಾಡುವಾಗ ನೀರಿಗೆ ಎಣ್ಣೆ, ಎಣ್ಣೆಗೆ ನೀರಲ್ಲ.